ಶಾಲು ಹೊದಿಸುವ ಮೊದಲು: ಮಕ್ಕಳ ಪರ ದನಿ ಎತ್ತುವವರನ್ನು ಊರಿನಲ್ಲಿ ಗೌರವಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಮಕ್ಕಳ ದಿನಾಚರಣೆಯಲ್ಲಿ ಒಬ್ಬ ಅಂಗನವಾಡಿ ಟೀಚರ್‌ಗೆ ಸನ್ಮಾನ ಇಟ್ಟುಕೊಂಡಿದ್ದೆವು. ಅದಕ್ಕಾಗಿ ಓಡಾಡಿದವರಲ್ಲಿ ನಾನೂ ಒಬ್ಬ. ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಅವರದು ಕೊನೆಯದು. ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ ಎಲ್ಲ ಮುಗಿಯುವಾಗ ಮಧ್ಯಾಹ್ನ ಒಂದೂವರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ ಎರಡೇ ನಿಮಿಷದಲ್ಲಿ ಆಗಿಹೋಯಿತು. ಅವರ ಕೈಗೆ ಮೈಕ್ ಕೊಡಲೇ ಇಲ್ಲ.

ವಾರ ಕಳೆದ ಮೇಲೆ ಅಂಗನವಾಡಿ ಬಾಗಿಲಲ್ಲಿ ಸಿಕ್ಕರು. "ಖುಷಿ ಆಯ್ತು ಸರ್, ಬೇಜಾರೇನಿಲ್ಲ. ಆದ್ರೆ ಮೂಲೇಲಿ ಸೋರ್ತಿದೆ, ಮಕ್ಕಳನ್ನೆಲ್ಲ ಒಂದೇ ಕಡೆ ಒತ್ತಿ ಕೂರಿಸ್ತಿದೀನಿ. ಅಧ್ಯಕ್ಷರು ಬರ್ತಾರಲ್ಲ, ಅಲ್ಲೇ ಎಲ್ಲರೆದುರು ಹೇಳೋಣ ಅಂತ ಚೀಟೀಲಿ ಬರ್ಕೊಂಡು ಬಂದಿದ್ದೆ" ಅಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮಕ್ಕಳ ಪರವಾಗಿ ಮಾತಾಡುವವರನ್ನು ಕರೆದು, ಅವರಿಗೆ ಮಾತಾಡಲು ಬಿಡದೆ ಕಳಿಸಿದ್ದೆವು. ಆಮೇಲಿನ ವರ್ಷಗಳಲ್ಲಿ ಇದನ್ನು ಬೇರೆ ರೀತಿ ಮಾಡಲು ಕಲಿತೆವು. ನಿಮ್ಮ ಊರಲ್ಲಿ, ಬಡಾವಣೆಯಲ್ಲಿ, ಯುವಕ ಸಂಘದಲ್ಲಿ ಇಂಥದ್ದೊಂದು ಸನ್ಮಾನ ಮಾಡುವ ಮನಸ್ಸಿದ್ದರೆ, ನಾವು ಕಲಿತದ್ದು ಇಲ್ಲಿದೆ.

ಮೊದಲು: ಯಾರು ಅಂತ ಹುಡುಕುವುದು

ಎರಡು ತಿಂಗಳು ಮುಂಚೆ ಶುರು ಮಾಡಿ. ನವೆಂಬರ್ 14ಕ್ಕೆ ಕಾರ್ಯಕ್ರಮ ಅಂದರೆ ಸೆಪ್ಟೆಂಬರ್‌ನಲ್ಲಿ ಮೊದಲ ಸಭೆ ಸೇರಬೇಕು. ನವೆಂಬರ್ ಪೂರ್ತಿ ರಾಜ್ಯೋತ್ಸವದ ಗಡಿಬಿಡಿ ಇರುತ್ತದೆ ಅನಿಸಿದರೆ ಬೇರೆ ದಿನಗಳೂ ಇವೆ. ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಜನವರಿ 12 ಯುವ ದಿನ. ಜನವರಿ 24 ಹೆಣ್ಣುಮಕ್ಕಳ ದಿನ. ಜೂನ್ 12 ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ. ಯಾರನ್ನು ಗೌರವಿಸುತ್ತೀರಿ ಅನ್ನುವುದರ ಮೇಲೆ ದಿನ ಆರಿಸಿಕೊಂಡರೆ ಅದಕ್ಕೊಂದು ಅರ್ಥ ಬರುತ್ತದೆ.

ಹೆಸರು ಯೋಚಿಸಿ ಅಂದ ತಕ್ಷಣ ನಮಗೆ ಹೊಳೆಯುವುದು ಹುದ್ದೆಯಲ್ಲಿ ಇರುವವರು, ದಾನ ಕೊಟ್ಟವರು. ದಾನಿಗಳಿಗೆ ಧನ್ಯವಾದ ಹೇಳಲು ಬೇರೆ ಜಾಗ ಇದೆ. ಇಲ್ಲಿ ನಾವು ಹುಡುಕುವುದು, ಮಕ್ಕಳಿಗೆ ಬೇಕಾದದ್ದನ್ನು ದೊಡ್ಡವರ ಹತ್ತಿರ ಹೋಗಿ ಕೇಳಿದವರನ್ನು. ಕೇಳಿ, ಸಿಗಲಿಲ್ಲ ಅಂದರೆ ಮತ್ತೆ ಹೋದವರನ್ನು.

ಹರೇಕಳ ಹಾಜಬ್ಬ ಅವರನ್ನು ನೆನೆಸಿಕೊಳ್ಳಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಸ್ವತಃ ಶಾಲೆ ಕಲಿತವರಲ್ಲ. ವಿದೇಶದವರೊಬ್ಬರು ಇಂಗ್ಲಿಷ್‌ನಲ್ಲಿ ಹಣ್ಣಿನ ರೇಟು ಕೇಳಿದಾಗ ಅರ್ಥವಾಗದೆ ನಿಂತದ್ದೇ ಅವರ ಮನಸ್ಸಿಗೆ ನಾಟಿತು. ತಮ್ಮೂರು ನ್ಯೂಪಡ್ಪುವಿನ ಮಕ್ಕಳಿಗೆ ಹಾಗಾಗಬಾರದು ಅಂತ ದಿನದ ಗಳಿಕೆಯಲ್ಲಿ ಉಳಿಸಿದರು, ಕಚೇರಿಯಿಂದ ಕಚೇರಿಗೆ ಅಲೆದರು, ಊರಿಗೆ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಅವರು ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದ ಕಾಲದಲ್ಲಿ ಅವರ ಹತ್ತಿರ ಯಾವ ಹುದ್ದೆಯೂ ಇರಲಿಲ್ಲ. ನಿಮ್ಮೂರಲ್ಲಿ ಈಗ ಅಂಥ ಮೆಟ್ಟಿಲು ಹತ್ತುತ್ತಿರುವವರು ಯಾರು? ಪ್ರಶ್ನೆ ಅದು.

ಹುಡುಕಿದರೆ ಸಿಗುತ್ತಾರೆ. ಶಾಲೆಗೆ ಇನ್ನೊಬ್ಬ ಮೇಷ್ಟ್ರು ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹತ್ತು ಸಲ ಹೋದ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬ ತಾಯಿ. ಕಾಲೇಜು ಹುಡುಗಿಯರಿಗೆ ಬೆಳಗಿನ ಬಸ್ ಬೇಕು ಅಂತ ಸಹಿ ಹಾಕಿಸಿಕೊಂಡು ಡಿಪೊಗೆ ಹೋದ ಹುಡುಗ. ಪಂಚಾಯಿತಿಯ ಅರಿವು ಕೇಂದ್ರವನ್ನು, ಅಂದರೆ ಗ್ರಂಥಾಲಯವನ್ನು, ಸಂಜೆ ಹೊತ್ತೂ ತೆರೆದಿಡುವ ಮೇಲ್ವಿಚಾರಕಿ. ಗ್ಯಾರೇಜಿಗೆ ಸೇರಿದ ಹುಡುಗನನ್ನು ವಾಪಸ್ ಶಾಲೆಗೆ ಕರೆತಂದ ಪಿಟಿ ಮೇಷ್ಟ್ರು. ಹೆಣ್ಣುಮಕ್ಕಳಿಗೂ ಕಬಡ್ಡಿ ಮೈದಾನ ಬಿಟ್ಟುಕೊಡಿ ಅಂತ ಜಗಳ ಮಾಡಿದ ಅಕ್ಕ.

ಅಂಗನವಾಡಿಯವರಂತೂ ಎಲ್ಲ ಊರಲ್ಲೂ ಇದ್ದಾರೆ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಐವತ್ತು ವರ್ಷ ಆಯಿತು. ಇವತ್ತಿಗೂ ಅವರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಗೌರವ ಅನ್ನುವ ಮಾತು ಹೆಸರಲ್ಲೇ ಇರುವಾಗ, ಅದನ್ನು ನಿಜವಾಗಿ ತೋರಿಸುವುದು ಊರಿನ ಕೆಲಸ ಅಂತ ನನಗೆ ಅನಿಸುತ್ತದೆ.

ಮಕ್ಕಳನ್ನೇ ಕೇಳಿ

ಇದು ಎಲ್ಲಕ್ಕಿಂತ ಮುಖ್ಯ. ಸಮಿತಿಯ ಐದಾರು ಜನ ಕೂತು ಹೆಸರು ಆರಿಸಿದರೆ ನಮಗೆ ಗೊತ್ತಿರುವವರೇ ಬರುತ್ತಾರೆ. ಮಕ್ಕಳಿಗೆ ಗೊತ್ತಿರುವವರು ಬೇರೆ.

ನಾವು ಮಾಡುವುದು ಹೀಗೆ. ಶಾಲೆಯವರ ಒಪ್ಪಿಗೆ ಪಡೆದು, ಐದನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಒಂದೊಂದು ಖಾಲಿ ಚೀಟಿ ಕೊಡುತ್ತೇವೆ. ತಮ್ಮ ಹೆಸರು ಬರೆಯುವಂತಿಲ್ಲ. ಕೇಳುವುದು ಮೂರೇ ಪ್ರಶ್ನೆ. "ಮನೆಯವರನ್ನು ಬಿಟ್ಟರೆ, ಕಷ್ಟ ಬಂದಾಗ ನೀನು ಯಾರ ಹತ್ತಿರ ಹೋಗ್ತೀಯ?" "ನಿಮ್ಮ ಪರವಾಗಿ ದೊಡ್ಡವರ ಹತ್ತಿರ ಮಾತಾಡಿದವರು ಯಾರು?" "ಅವರು ಏನು ಮಾಡಿದ್ರು?" ಮೂರನೆಯದು ಬಹಳ ಬೇಕು. "ಒಳ್ಳೆಯವರು" ಅಂತ ಎಲ್ಲರ ಬಗ್ಗೆಯೂ ಬರೆಯಬಹುದು. "ನಮ್ಮ ಟಾಯ್ಲೆಟ್‌ಗೆ ಚಿಲಕ ಹಾಕಿಸಿದ್ರು" ಅಂತ ಒಬ್ಬರ ಬಗ್ಗೆ ಮಾತ್ರ ಬರೆಯುತ್ತಾರೆ.

ಚೀಟಿ ಬರೆಯುವಾಗ ಟೀಚರ್‌ಗಳು ಕೋಣೆಯಿಂದ ಹೊರಗೆ ಇರಲಿ. ಚೀಟಿ ಒಟ್ಟು ಮಾಡಲು ಮುಚ್ಚಿದ ಡಬ್ಬ ಇರಲಿ. ಓದುವುದು ಇಬ್ಬರೇ, ಅದರಲ್ಲಿ ಒಬ್ಬರು ಹೆಂಗಸರು ಆಗಿರಲಿ.

ಶಾಲೆಯಲ್ಲಿ ಇಲ್ಲದ ಮಕ್ಕಳನ್ನು ಮರೆಯಬೇಡಿ. ಇಟ್ಟಿಗೆ ಗೂಡಿನ ಹತ್ತಿರ, ಕುರಿ ಮಂದೆಯ ಹಿಂದೆ, ಹೋಟೆಲ್ ಹಿಂಬಾಗಿಲಲ್ಲಿ ಇರುವ ಮಕ್ಕಳ ಪರ ಯಾರಾದರೂ ನಿಂತಿದ್ದರೆ, ಆ ಹೆಸರು ಶಾಲೆಯ ಡಬ್ಬದಲ್ಲಿ ಬರುವುದಿಲ್ಲ. ಅಲ್ಲಿಗೆ ನೀವೇ ಹೋಗಿ ಕೇಳಬೇಕು. ಹದಿನೆಂಟು ದಾಟಿದ ಹುಡುಗ ಹುಡುಗಿಯರನ್ನೂ ಕೇಳಿ. ಓದು ಬಿಡದೆ ಉಳಿದದ್ದು ಯಾರಿಂದ ಅಂತ ಅವರು ಈಗ ಹೇಳಬಲ್ಲರು.

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಕ್ಕಳು ಏನು ಕೇಳಿದರು ಅನ್ನುವುದು ನಡಾವಳಿಯಲ್ಲಿ ಇರುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ಓದಿ. ಮಕ್ಕಳ ಬೇಡಿಕೆ ಹಿಡಿದು ಆಮೇಲೆ ಓಡಾಡಿದವರು ಯಾರು ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಇದೆಲ್ಲ ತಿಳಿಯುತ್ತಾ ಅಂತ ಅನುಮಾನ ಪಡುವವರಿಗೆ ನಾನು ಕುಂದಾಪುರ ಕಡೆಯ ಕೆರಾಡಿಯ ಉದಾಹರಣೆ ಕೊಡುತ್ತೇನೆ. 1990ರ ದಶಕದಲ್ಲೇ ಅಲ್ಲಿ ಮಕ್ಕಳು ತಮ್ಮದೇ ಮಕ್ಕಳ ಪಂಚಾಯಿತಿ ನಡೆಸಿದ್ದಾರೆ.

ಒಂದು ಎಚ್ಚರಿಕೆ. ಚೀಟಿಯಲ್ಲಿ ಯಾವುದಾದರೂ ಮಗು ತನಗೆ ಆಗುತ್ತಿರುವ ಹಿಂಸೆ ಬರೆದಿರಬಹುದು. ಆಗ ಸನ್ಮಾನದ ಕೆಲಸ ಅಲ್ಲಿಗೇ ನಿಲ್ಲಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ ಪೋಕ್ಸೊ ಕಾಯ್ದೆ ಹೇಳುತ್ತದೆ. ಊರಲ್ಲೇ ಪಂಚಾಯ್ತಿ ಮಾಡಿ ಮುಗಿಸೋಣ ಅನ್ನುವವರ ಮಾತು ಕೇಳಬೇಡಿ.

ಬಂದ ಹೆಸರನ್ನು ಸುಮ್ನೆ ಒಪ್ಪಿಕೊಳ್ಳಬೇಡಿ

ಮೂರು ನಾಲ್ಕು ಹೆಸರು ಉಳಿದ ಮೇಲೆ, ಸದ್ದಿಲ್ಲದೆ ವಿಚಾರಿಸಿ. ಮಕ್ಕಳಿಗೆ ಹೊಡೆಯುವವರಾ? ಶಿಕ್ಷಣ ಹಕ್ಕಿನ (ಆರ್‌ಟಿಇ) ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. "ಸ್ಟ್ರಿಕ್ಟ್, ಆದ್ರೆ ಒಳ್ಳೆಯವರು" ಅಂತ ಹೇಳಿದರೆ ಇನ್ನೂ ನಾಲ್ಕು ಜನರನ್ನು ಕೇಳಿ. ಜಾತಿ ನೋಡಿ ಮಕ್ಕಳನ್ನು ಬೇರೆ ಕೂರಿಸುವವರಾ? ಮನೆ ಕೆಲಸಕ್ಕೆ ಚಿಕ್ಕ ಹುಡುಗಿಯನ್ನು ಇಟ್ಟುಕೊಂಡಿದ್ದಾರಾ? ಇದನ್ನು ತಾಯಂದಿರ ಹತ್ತಿರ ಕೇಳಿ. ಬಿಸಿಯೂಟ ಮಾಡುವ ಅಕ್ಕಂದಿರಿಗೆ ಎಲ್ಲ ಗೊತ್ತಿರುತ್ತದೆ.

ಸಮಿತಿಯವರ ಹತ್ತಿರದ ನೆಂಟರು ಬೇಡ. ಬರುವ ಚುನಾವಣೆಗೆ ನಿಲ್ಲುವವರೂ ಆ ವರ್ಷ ಬೇಡ.

ಎಷ್ಟು ಜನಕ್ಕೆ ಮಾಡಬೇಕು ಅಂತ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಒಬ್ಬರು, ಜಾಸ್ತಿ ಅಂದರೆ ಇಬ್ಬರು. ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿದರೆ ಯಾರ ಕೆಲಸ ಏನು ಅಂತ ಒಂದು ಮಗುವಿಗೂ ನೆನಪಿರುವುದಿಲ್ಲ.

ಅವರ ಮನೆಗೆ ಹೋಗಿ ಕೇಳಿ

ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಮೊದಲು ಅವರ ಒಪ್ಪಿಗೆ ಬೇಕು. ಫೋನಿನಲ್ಲಿ ಮುಗಿಸಬೇಡಿ. ಇಬ್ಬರು ಹೋಗಿ, ಕೂತು ಮಾತಾಡಿ. "ನಿಮ್ಮ ಯಾವ ಕೆಲಸದ ಬಗ್ಗೆ ಹೇಳಬಹುದು, ಯಾವುದು ಬೇಡ?" ಅಂತ ಕೇಳಿ.

ಇದು ಬರೀ ಮರ್ಯಾದೆಯ ಮಾತಲ್ಲ. ಬಾಲ್ಯವಿವಾಹ ನಿಲ್ಲಿಸಿದವರನ್ನು, ಬಾಲಕಾರ್ಮಿಕರನ್ನು ಬಿಡಿಸಿದವರನ್ನು ಊರಲ್ಲಿ ಎಲ್ಲರೂ ಮೆಚ್ಚುವುದಿಲ್ಲ. ರಾಜಸ್ಥಾನದ ಭಟೇರಿಯಲ್ಲಿ ಸರ್ಕಾರಿ ಕಾರ್ಯಕ್ರಮವೊಂದರ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ ಅವರು ಒಂದು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಭೀಕರ ದೌರ್ಜನ್ಯ ಅನುಭವಿಸಿದರು. ಕೆಲಸದ ಜಾಗದಲ್ಲಿ ಹೆಂಗಸರ ರಕ್ಷಣೆಗೆ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ವಿಶಾಖಾ ಮಾರ್ಗಸೂಚಿಗೆ ಆ ಘಟನೆಯೇ ಕಾರಣ. ನಮ್ಮ ಊರಿನ ಆಶಾ ಕಾರ್ಯಕರ್ತೆ ನಾಳೆಯೂ ಅದೇ ಮನೆಗಳ ಬಾಗಿಲು ತಟ್ಟಬೇಕು ಅಲ್ವಾ? ವೇದಿಕೆ ಮೇಲೆ "ಇವರು ಏಳು ಮದುವೆ ನಿಲ್ಲಿಸಿದ್ದಾರೆ" ಅಂತ ಮೈಕಿನಲ್ಲಿ ಕೂಗಿದರೆ, ಏಳು ಮನೆಯ ಸಿಟ್ಟನ್ನು ನಾವೇ ಅವರ ತಲೆಗೆ ಕಟ್ಟಿದಂತೆ. "ಹೆಣ್ಣುಮಕ್ಕಳ ಓದಿಗಾಗಿ ದುಡಿದವರು" ಅಂದರೂ ಸಾಕು, ಗೊತ್ತಿರುವವರಿಗೆ ಗೊತ್ತಾಗುತ್ತದೆ.

ವೇದಿಕೆಯೇ ಬೇಡ ಅಂದರೆ ಬಲವಂತ ಮಾಡಬೇಡಿ. ಮಕ್ಕಳು ಬರೆದ ಚೀಟಿಗಳಲ್ಲಿ ಯಾರ ಗುರುತೂ ಸಿಗದಂಥವನ್ನು ಆರಿಸಿ, ಒಂದು ಪುಸ್ತಕಕ್ಕೆ ಅಂಟಿಸಿ, ಮನೆಗೆ ಹೋಗಿ ಕೊಟ್ಟು ಬನ್ನಿ.

ಸರ್ಕಾರಿ ಕೆಲಸದಲ್ಲಿ ಇರುವವರಾದರೆ ಅವರ ಮೇಲಿನ ಅಧಿಕಾರಿಗೆ ಮೊದಲೇ ಒಂದು ಪತ್ರ ಕೊಡಿ. ಅಂಗನವಾಡಿಯವರಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಮೇಷ್ಟ್ರಾದರೆ ಬಿಇಒ. ನಗದು, ಬೆಲೆಬಾಳುವ ವಸ್ತು ತೆಗೆದುಕೊಳ್ಳಲು ಅವರಿಗೆ ನಿಯಮಗಳ ತೊಡಕು ಇರುತ್ತದೆ.

ಮಕ್ಕಳ ಗುರುತು ಹೊರಗೆ ಬರಬಾರದು

ಇಲ್ಲಿ ಒಳ್ಳೆಯ ಮನಸ್ಸಿನವರೇ ತಪ್ಪು ಮಾಡುತ್ತಾರೆ. ಸಹಾಯ ಪಡೆದ ಮಗುವನ್ನು ವೇದಿಕೆಗೆ ಕರೆದು "ಇವಳನ್ನು ಕಾಪಾಡಿದ್ದು ಇವರೇ" ಅಂತ ತೋರಿಸುತ್ತಾರೆ. ಚಪ್ಪಾಳೆ ಜೋರಾಗಿ ಬೀಳುತ್ತದೆ. ಮರುದಿನ ಆ ಹುಡುಗಿ ಅದೇ ಶಾಲೆಗೆ, ಅದೇ ಹುಡುಗರ ನಡುವೆ ಹೋಗಿ ಕೂರಬೇಕು.

ಕಾನೂನೂ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ರಕ್ಷಣೆ ಬೇಕಾದ ಮಗುವಿನ, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಗುವಿನ, ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಪ್ರಕಟ ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಕೂಡ ಮಗುವಿನ ಗುರುತು ಪ್ರಕಟ ಮಾಡಬಾರದು ಅನ್ನುತ್ತದೆ.

ಹೆಸರು ಹೇಳದಿದ್ದರೆ ಸಾಕು ಅಂದುಕೊಳ್ಳಬೇಡಿ. ಸಣ್ಣ ಊರಲ್ಲಿ "ಮೇಲಿನ ಓಣಿಯ ಎಂಟನೇ ಕ್ಲಾಸ್ ಹುಡುಗಿ" ಅಂದರೆ ಹೆಸರು ಹೇಳಿದಂತೆಯೇ. ಹಾಗಾಗಿ ಸನ್ಮಾನ ಪತ್ರ, ಭಾಷಣ, ಬ್ಯಾನರ್ ಮೂರನ್ನೂ ಒಬ್ಬರು ಇದೇ ಕಣ್ಣಿನಿಂದ ಓದಬೇಕು. ಯಾವ ಮಗು ಅಂತ ಊಹಿಸಲು ಸಾಧ್ಯವಾದರೆ ಆ ಸಾಲು ತೆಗೆಯಿರಿ. ಫೋಟೊ ತೆಗೆಯುವವರಿಗೂ ಮೊದಲೇ ಹೇಳಿ. ವಾಟ್ಸ್ಯಾಪ್ ಗ್ರೂಪಿಗೆ ಹೋದ ಫೋಟೊ ವಾಪಸ್ ಬರುವುದಿಲ್ಲ.

ಸನ್ಮಾನ ಪತ್ರ ಬರೆಯುವುದು

ನಾವು ಸಾಮಾನ್ಯವಾಗಿ ಬರೆಯುವ ಬಿನ್ನವತ್ತಳೆಯನ್ನು ಯಾರಿಗೆ ಬೇಕಾದರೂ ಓದಬಹುದು. "ಸರಳ ಸಜ್ಜನಿಕೆಯ ಸಾಕಾರಮೂರ್ತಿ, ನಿಸ್ವಾರ್ಥ ಸೇವಾಧುರೀಣ" ಅನ್ನುವ ಸಾಲು ನಿವೃತ್ತ ತಹಶೀಲ್ದಾರರಿಗೂ ಆಗುತ್ತದೆ, ಸಹಕಾರ ಸಂಘದ ಅಧ್ಯಕ್ಷರಿಗೂ ಆಗುತ್ತದೆ. ಹೊಗಳಿಕೆ ತೆಗೆದು ಆ ಜಾಗದಲ್ಲಿ ಕೆಲಸ ಬರೆಯಿರಿ. ಯಾವಾಗ, ಎಲ್ಲಿ, ಏನು ಕೊರತೆ ಇತ್ತು, ಇವರು ಏನು ಮಾಡಿದರು, ಈಗ ಏನು ಬದಲಾಗಿದೆ. ಹತ್ತು ಸಾಲು ಸಾಕು.

ಒಂದು ಮಾದರಿ ಕೊಡುತ್ತೇನೆ. ಬಸ್ಸಿಗಾಗಿ ಓಡಾಡಿದ ಒಬ್ಬರಿಗೆ ಅಂದುಕೊಳ್ಳಿ:

"ನಮ್ಮೂರಿನಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಿಗ್ಗೆ ಒಂದೇ ಬಸ್ ಇತ್ತು. ಅದು ಬರುವ ಹೊತ್ತಿಗೆ ಕಾಲೇಜಿನ ಮೊದಲ ಕ್ಲಾಸ್ ಮುಗಿದಿರುತ್ತಿತ್ತು. ಹೆಣ್ಣುಮಕ್ಕಳು ಪಿಯುಸಿಗೆ ಹೋಗುವುದೇ ಬೇಡ ಅಂತ ಮನೆಗಳಲ್ಲಿ ಮಾತು ನಡೆದಿತ್ತು. ನೀವು ಮನೆಮನೆಗೆ ಹೋಗಿ ಸಹಿ ಹಾಕಿಸಿದಿರಿ. ಡಿಪೊಗೆ ಐದು ಸಲ ಹೋದಿರಿ. ನಾಲ್ಕು ಸಲ 'ನೋಡೋಣ' ಅಂದರು. ಐದನೆಯ ಸಲ ಹದಿನೈದು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಕೈಲೇ ಮಾತಾಡಿಸಿದಿರಿ. ಈಗ ಏಳೂವರೆಗೆ ಬಸ್ ಬರುತ್ತದೆ. ನಾವು ಅದರಲ್ಲಿ ಕೂತು ಕಾಲೇಜಿಗೆ ಹೋಗುತ್ತೇವೆ. ಇಂತಿ, ಏಳೂವರೆ ಬಸ್ಸಿನ ವಿದ್ಯಾರ್ಥಿಗಳು."

ಇದರಲ್ಲಿ ಒಂದೂ ದೊಡ್ಡ ಪದ ಇಲ್ಲ. ಆದರೆ ಬೇರೆ ಯಾರಿಗೂ ಇದನ್ನು ಓದಲು ಆಗುವುದಿಲ್ಲ. ಓದುವುದು ವಿದ್ಯಾರ್ಥಿಯೇ ಆಗಿರಲಿ, ನಿರೂಪಕರು ಬೇಡ. ಎರಡು ದಿನ ಮುಂಚೆ ಅವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿ ನೋಡಿ. ಫ್ರೇಮ್ ಹಾಕಿಸುವ ಮೊದಲು ಗೌರವ ಪಡೆಯುವವರಿಗೂ ಒಮ್ಮೆ ತೋರಿಸಿ. ಹೆಸರಿನ ಇನಿಷಿಯಲ್ ತಪ್ಪಾಗಿರುವ ಫ್ರೇಮುಗಳು ನಮ್ಮ ಮನೆಗಳ ಗೋಡೆ ಮೇಲೆ ಎಷ್ಟೋ ಇವೆ.

ಏನು ಕೊಡಬೇಕು

2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಹೊರಡಿಸಿತು. ಊರಿನ ಸಂಘಗಳಿಗೂ ಅದು ಒಳ್ಳೆಯ ದಾರಿ. ಆದರೂ ಶಾಲು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಜೀವನದಲ್ಲಿ ಒಮ್ಮೆಯೂ ಶಾಲು ಹೊದಿಸಿಕೊಳ್ಳದ ಒಬ್ಬ ಅಡುಗೆ ಅಕ್ಕನಿಗೆ ಊರೆದುರು ಅದನ್ನು ಹೊದಿಸಿದಾಗ ಅವರ ಮುಖ ನೋಡಿದ್ದೇನೆ. ಒಂದು ಒಳ್ಳೆಯ ಶಾಲು, ಒಂದು ಹಾರ. ಅಷ್ಟು ಸಾಕು.

ಉಳಿದ ದುಡ್ಡು ಅವರ ಕೆಲಸಕ್ಕೆ ಹೋಗಲಿ. ಮನೆಗೆ ಹೋದಾಗಲೇ ಕೇಳಿ: "ನಿಮ್ಮ ಮಕ್ಕಳಿಗೆ ಈಗ ಏನು ಬೇಕು?" ಉತ್ತರ ತಕ್ಷಣ ಬರುತ್ತದೆ. ಚಾಪೆ, ನೀರಿನ ಫಿಲ್ಟರ್, ಪುಸ್ತಕದ ಬೀರು, ಕಬಡ್ಡಿ ಮ್ಯಾಟ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಗಾಜಿನ ದೊಡ್ಡ ಟ್ರೋಫಿಗಿಂತ ಇವುಗಳಲ್ಲಿ ಎಷ್ಟೋ ಕಡಿಮೆ ಬೆಲೆಗೆ ಬರುತ್ತವೆ. ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಾಕಿ.

ಆ ದಿನ

ಒಟ್ಟು ಒಂದು ಗಂಟೆ ಕಾಲು. ಅದಕ್ಕಿಂತ ಜಾಸ್ತಿ ಮಕ್ಕಳು ಕೂರುವುದಿಲ್ಲ, ಕೂರಿಸಲೂಬಾರದು. ವೇದಿಕೆ ಮೇಲೆ ಐದು ಕುರ್ಚಿ, ಗೌರವ ಪಡೆಯುವವರದು ನಡುವಿನದು. ಅವರ ಮನೆಯವರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡಿ. ಅವರ ಗಂಡ, ಅತ್ತೆ, ಮಕ್ಕಳು ಇದನ್ನು ನೋಡಬೇಕು. ಮನೆಯ ಊಟ ತಡವಾದರೂ ಇವರು ಹೋದದ್ದು ಎಲ್ಲಿಗೆ ಅಂತ ಅವರಿಗೆ ಅವತ್ತು ಗೊತ್ತಾಗುತ್ತದೆ.

ಸನ್ಮಾನ ಮೊದಲು, ಭಾಷಣ ಆಮೇಲೆ. ನಾಡಗೀತೆ, ಎರಡು ಮಾತಿನ ಸ್ವಾಗತ, ಸನ್ಮಾನ ಪತ್ರ, ಶಾಲು. ತಕ್ಷಣ ಮೈಕ್ ಅವರ ಕೈಗೆ. ಹದಿನೈದು ನಿಮಿಷ ಅವರದು. ಮುಖ್ಯ ಅತಿಥಿ, ಪಿಡಿಒ, ಅಧ್ಯಕ್ಷರು ಆಗ ಅಲ್ಲೇ ಇರಬೇಕು, ಅದಕ್ಕೇ ಈ ಕ್ರಮ. ಅತಿಥಿಗಳು ತಡವಾದರೆ ಕಾಯಬೇಡಿ. ಅತಿಥಿಗಳ ಮಾತು ಐದೈದು ನಿಮಿಷ ಅಂತ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ಸ್ವಾಗತ ಕೋರಲು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಬೇಡಿ.

ಮೈಕಿನಲ್ಲಿ ಮಾತಾಡಿ ಅಭ್ಯಾಸ ಇಲ್ಲದವರಿಗೆ ಕೈ ನಡುಗುತ್ತದೆ. ಒಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ, ಅವರು ಉತ್ತರಿಸಲಿ. "ಮೊದಲ ಸಲ ಆಫೀಸಿಗೆ ಹೋದಾಗ ಭಯ ಆಗಿತ್ತಾ ಅಕ್ಕ?" ಅಂತ ಒಬ್ಬ ಹುಡುಗಿ ಕೇಳಿದ್ದು ನನಗೆ ಇನ್ನೂ ನೆನಪಿದೆ. ಮುಂದೆ ಬಂದದ್ದು ಭಾಷಣವಾಗಿರಲಿಲ್ಲ, ಮನೆ ಜಗಲಿಯ ಮಾತಿನಂತೆ ಇತ್ತು. ಇಡೀ ಸಭೆ ಕಿವಿ ಕೊಟ್ಟು ಕೇಳಿತು.

ಅವರು ಏನು ಬೇಡಿಕೆ ಇಟ್ಟರೋ ಅದನ್ನು ಸಮಿತಿಯ ಒಬ್ಬರು ಅಲ್ಲೇ ಬರೆದುಕೊಳ್ಳಬೇಕು.

ಆಮೇಲೆ

ಬರೆದುಕೊಂಡ ಬೇಡಿಕೆಯನ್ನು ಒಂದು ವಾರದೊಳಗೆ ಅರ್ಜಿ ಮಾಡಿ ಪಂಚಾಯಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಮೂರು ತಿಂಗಳ ನಂತರ ಅವರನ್ನು ಮತ್ತೆ ಭೇಟಿ ಮಾಡಿ. ಆಗಿದೆಯಾ, ಇಲ್ಲವಾ, ಜೊತೆಗೆ ಯಾರಾದರೂ ಬರಬೇಕಾ ಅಂತ ಕೇಳಿ. ನಮ್ಮ ಅಂಗನವಾಡಿಯ ಮೂಲೆಗೆ ಶೀಟ್ ಬಿದ್ದದ್ದು ಹೀಗೆಯೇ, ಸನ್ಮಾನ ಆಗಿ ಒಂದೂವರೆ ವರ್ಷಕ್ಕೆ, ನಾಲ್ಕು ಜನ ಜೊತೆಗೆ ಹೋಗಿ ಕೇಳಿದ ಮೇಲೆ.

ಕೆಲಸ ನಿಜಕ್ಕೂ ದೊಡ್ಡದಿದ್ದರೆ ಹೊರಗಿನ ಗೌರವಕ್ಕೂ ಹೆಸರು ಕಳಿಸಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ, ಸರ್ಕಾರಿ ನೌಕರರಲ್ಲದ ಯಾರ ಹೆಸರನ್ನಾದರೂ ಕೇಂದ್ರ ಸರ್ಕಾರದ ಪ್ರಶಸ್ತಿಗಳ ವೆಬ್‌ಸೈಟಿನಲ್ಲಿ ಸೂಚಿಸಬಹುದು. ಶಿಫಾರಸು ಬೇಕಿಲ್ಲ. 800 ಪದ ಮೀರದಂತೆ ಅವರ ಕೆಲಸ ಬರೆದು ಕೊಡಬೇಕು. ನೀವು ಬರೆದ ಸನ್ಮಾನ ಪತ್ರ, ಚೀಟಿಗಳಲ್ಲಿ ಬಂದ ಸಂಗತಿಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಫೈಲಿನಲ್ಲಿ ತೆಗೆದಿಡಿ.

ಇನ್ನೊಂದು ಪದ್ಧತಿ ನಮ್ಮಲ್ಲಿ ತಾನಾಗಿ ಬೆಳೆಯಿತು. ಶಾಲು ಹೊದಿಸುವುದು ಶಾಸಕರೂ ಅಲ್ಲ, ಸ್ವಾಮಿಗಳೂ ಅಲ್ಲ. ಹಿಂದಿನ ವರ್ಷ ಗೌರವ ಪಡೆದವರು ಈ ವರ್ಷದವರಿಗೆ ಹೊದಿಸುತ್ತಾರೆ. ಆ ಕಷ್ಟ ಗೊತ್ತಿರುವ ಕೈ ಅದು. ಮೊದಲ ವರ್ಷ ಮಾತ್ರ ಹಿಂದಿನವರು ಅಂತ ಯಾರೂ ಇರುವುದಿಲ್ಲ. ಆಗ ಮಕ್ಕಳೇ ಹೊದಿಸಲಿ. ಕೈ ಎಟುಕದಿದ್ದರೆ ಒಂದು ಬೆಂಚು ತಂದು ಹಾಕಿಕೊಡಿ.